ಮೇಪಲ್ ಮರದ ಒಂಬತ್ತು ಬ್ಲಾಕು

ಆ ಟಿಶ್ಯೂ ಡಬ್ಬಿಯನ್ನು ರೋಜೇರ್ ಪೆಲ್ಕಿ ಇವತ್ತಿಗೂ ಕ್ಷಮಿಸಿಲ್ಲ. ಹದಿನೈದು ವರ್ಷದ ಮೇಲಾಯಿತು, ಗಡ್ಡ ಪೂರ್ತಿ ಬೆಳ್ಳಗಾಗಿದೆ, ಆದರೂ ಆ ಡಬ್ಬಿಯ ಮಾತು ಬಂದರೆ ಕುತ್ತಿಗೆಯ ನರ ಉಬ್ಬುತ್ತದೆ. ತಿಳಿನೀಲಿ ಡಬ್ಬಿ, ಮೇಲೆ ಹೂವಿನ ಚಿತ್ರ. ಶಾಲೆಯ ಮೀಟಿಂಗ್ ಕೋಣೆಯಲ್ಲಿ ಮೇಜಿನ ಆ ಕಡೆ ಆರು ಜನ ಸಾಲಾಗಿ ಕೂತಿದ್ದರು. ಈ ಕಡೆ ಎರಡು ಖಾಲಿ ಕುರ್ಚಿ. ಆ ಎರಡು ಕುರ್ಚಿಯ ಮುಂದೆ, ಸರಿಯಾಗಿ ನಡುವೆ, ಆ ಡಬ್ಬಿ. ಮೊದಲ ಹಾಳೆಯನ್ನು ಯಾರೋ ಅರ್ಧ ಹೊರಗೆಳೆದು ಸಿದ್ಧ ಮಾಡಿ ಇಟ್ಟಿದ್ದರು.

"ನಾವು ಬಾಗಿಲು ತೆಗೆಯೋ ಮುಂಚೆನೇ ತೀರ್ಮಾನ ಆಗಿಹೋಗಿತ್ತು," ಎನ್ನುತ್ತಾನೆ ಅವನು. "ನಾವು ಅಳಬೇಕು ಅಂತ. ಎಷ್ಟು ಹೊತ್ತಿಗೆ ಅಳಬೇಕು ಅನ್ನೋದನ್ನೂ ಬರೆದಿಟ್ಟುಕೊಂಡಿದ್ರೇನೋ."

ಆಗ ಅವನಿಗೆ ನಲವತ್ತನಾಲ್ಕು. ಮೇನ್ ರಾಜ್ಯದ ನದಿಯ ದಡದ ಊರು. ಅಲ್ಲಿಯ ಮರದ ಕಾರ್ಖಾನೆಯಲ್ಲಿ ಲೇತ್ ಮೇಲೆ ಮರ ಕಡೆಯುವುದು ಅವನ ಕೆಲಸ. ಮೆಟ್ಟಿಲ ಕಂಬ, ಮೇಜಿನ ಕಾಲು, ಮಂಚದ ಗುಬುಟು. ಅವನ ಅಪ್ಪ ಅದೇ ಕಾರ್ಖಾನೆ, ಕ್ವಿಬೆಕ್‌ನಿಂದ ಬಂದ ಅಜ್ಜನೂ ಅದೇ ಕಾರ್ಖಾನೆ. ರೋಜೇರ್ ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟವನು. ಅಳತೆಯ ಅಂಕಿಗಳನ್ನು ಕಣ್ಣು ಮುಚ್ಚಿ ಹೇಳುತ್ತಿದ್ದ. ಆರ್ಡರ್ ಚೀಟಿಯನ್ನು ಮಾತ್ರ ಪಕ್ಕದ ಯಂತ್ರದವನ ಕೈಗೆ ಕೊಟ್ಟು, "ನನ್ನ ಕನ್ನಡಕ ಮನೇಲಿದೆ, ನೋಡಪ್ಪ ಏನು ಬರೆದಿದೆ," ಎನ್ನುತ್ತಿದ್ದ. ಅವನ ಬಳಿ ಕನ್ನಡಕವೇ ಇರಲಿಲ್ಲ.

ಮೀಟಿಂಗು ಅವನ ಮಗಳು ಕೊಲೆಟ್‌ಳ ಬಗ್ಗೆ. ಹತ್ತು ವರ್ಷದ ಹುಡುಗಿ, ನಾಲ್ಕನೇ ತರಗತಿ, ಓದಲು ಬರುತ್ತಿರಲಿಲ್ಲ. ಮೊದಲೆರಡು ವರ್ಷ ಯಾರಿಗೂ ಗೊತ್ತೇ ಆಗಿರಲಿಲ್ಲ. ಟೀಚರ್ ಒಂದು ಸಲ ಓದಿ ಹೇಳಿದ ಪುಸ್ತಕವನ್ನು ಹುಡುಗಿ ಕಿವಿಯಲ್ಲೇ ಹಿಡಿದಿಟ್ಟುಕೊಂಡು, ಪುಟ ತಿರುವುತ್ತಾ, ಚಿತ್ರ ನೋಡುತ್ತಾ ಒಪ್ಪಿಸಿಬಿಡುತ್ತಿದ್ದಳು. ಮೂರನೇ ತರಗತಿಯಲ್ಲಿ ಚಿತ್ರವಿಲ್ಲದ ಪುಸ್ತಕ ಬಂತು, ಗುಟ್ಟು ಬಯಲಾಯಿತು. ಅಂಥ ಜ್ಞಾಪಕಶಕ್ತಿಯ ಮಗುವಿಗೆ ಅವರು ಕಟ್ಟಿದ ಬೆಲೆ ಎಷ್ಟು ಗೊತ್ತೇ?

ಶಾಲೆಯ ಮನಃಶಾಸ್ತ್ರಜ್ಞೆ ಮಿಸ್ ಟ್ರಾಸ್ಕ್ ಇನ್ನೂ ಎಳೆಯವಳು, ಮೂಗಿನ ಮೇಲೆ ಮಚ್ಚೆ ಮಚ್ಚೆ, ಕಣ್ಣನ್ನು ಕಾಗದದಿಂದ ಎತ್ತದೆ ಓದಿದಳು. "ಒಟ್ಟು ಅಂಕ ಅರವತ್ತೆಂಟು."

"ನೂರಕ್ಕಾ?" ಎಂದ ರೋಜೇರ್. ಅವನ ಕಾಲಕ್ಕೆ ಅರವತ್ತೆಂಟು ಅಂದರೆ ಮನೆಯಲ್ಲಿ ಮರ್ಯಾದೆ ಸಿಗುವ ಅಂಕ.

"ಇಲ್ಲ, ಇದು ಹಾಗಲ್ಲ. ನೂರು ಅಂದ್ರೆ ಸಾಧಾರಣ ಮಕ್ಕಳ ಬುದ್ಧಿಮಟ್ಟ. ಎಪ್ಪತ್ತರ ಕೆಳಗೆ ಅಂದ್ರೆ…" ಅವಳು ನಿಲ್ಲಿಸಿದಳು. ಎಲ್ಲರೂ ಟಿಶ್ಯೂ ಡಬ್ಬಿಯನ್ನು ನೋಡಿದರು.

ವಿಶೇಷ ಶಿಕ್ಷಣದ ಮುಖ್ಯಸ್ಥ ಸ್ಟಿನ್ಸನ್ ಮಾತು ಮುಂದುವರಿಸಿದ. ಉಣ್ಣೆಯ ಕೋಟು, ಬೆಣ್ಣೆಯಂಥ ದನಿ. "ಮಿಸ್ಟರ್ ಪೆಲ್ಕಿ, ನಾವೆಲ್ಲ ಕೊಲೆಟ್‌ನ ತುಂಬಾ ಪ್ರೀತಿಸ್ತೀವಿ."

"ಪ್ರೀತಿ ಆಮೇಲೆ. ಓದೋಕೆ ಯಾಕೆ ಬರ್ತಿಲ್ಲ ಅದು ಹೇಳಿ."

"ಅದನ್ನೇ ಹೇಳ್ತಿದೀವಿ. ಅವಳ ಶಕ್ತಿನೇ ಅಷ್ಟು. ಸೆಪ್ಟೆಂಬರಿಂದ ಪಕ್ಕದ ಊರಿನ ಶಾಲೆಗೆ ವ್ಯಾನಲ್ಲಿ ಕರ್ಕೊಂಡ್ಹೋಗ್ತೀವಿ. ಅಲ್ಲಿ ಬೇರೆ ತರಗತಿ ಇದೆ. ಒತ್ತಡ ಇರಲ್ಲ. ಚಿಲ್ಲರೆ ಎಣಿಸೋದು, ಬಟ್ಟೆ ಮಡಿಚೋದು, ಬಸ್ಸು ಹತ್ತೋದು, ಇಂಥವು."

"ಓದು?"

"ಬೇಕಾದಷ್ಟು. ರಸ್ತೆ ಫಲಕ ಓದೋಷ್ಟು."

ಆ ತರಗತಿಯ ಮಕ್ಕಳ ಮೇಲೆ ರೋಜೇರ್‌ಗೆ ತಾತ್ಸಾರವಿರಲಿಲ್ಲ. ಅವನ ಅಕ್ಕನ ಮಗಳು ಅಲ್ಲೇ ಕಲಿತವಳು, ಅವಳಿಗೆ ಅಲ್ಲಿ ಒಳ್ಳೆಯದೇ ಆಗಿತ್ತು. ಆದರೆ ಕೊಲೆಟ್ ಬೇರೆ. ಹಿಮ ಎಸೆಯುವ ಯಂತ್ರ ಕೆಟ್ಟಾಗ, ಅಪ್ಪನಿಗಿಂತ ಮೊದಲು, ದನಿ ಕೇಳಿಯೇ ಯಾವ ಪಿನ್ನು ಮುರಿದಿದೆ ಎಂದು ಹೇಳಿದ ಹುಡುಗಿ ಅವಳು. ಅವಳಿಗೆ ರಸ್ತೆ ಫಲಕ ಸಾಕಂತೆ!

ಅವನ ಕೈ ತಾನಾಗಿ ಎದ್ದಿತು. ಡಬ್ಬಿ ಹಾರಿ ಕಿಟಕಿಗೆ ಬಡಿದು, ರೇಡಿಯೇಟರಿನ ಹಿಂದೆ ಬಿತ್ತು. ಯಾರೋ ಕಿರುಚಿದರು. ಅವನ ಹೆಂಡತಿ ಡಾರ್ಲೀನ್ ಮಾತ್ರ ಕೂತಲ್ಲಿಂದ ಅಲುಗಲಿಲ್ಲ. ವೃದ್ಧಾಶ್ರಮದಲ್ಲಿ ರಾತ್ರಿಪಾಳಿ ಮಾಡಿ ನೇರ ಬಂದಿದ್ದಳು, ಅಳುವಷ್ಟು ಶಕ್ತಿಯೂ ಇರಲಿಲ್ಲ. ಮುಂದಿದ್ದ ಒಪ್ಪಿಗೆ ಕಾಗದವನ್ನು ಸ್ಟಿನ್ಸನ್ ಕಡೆ ತಳ್ಳಿದಳು.

"ನಾವು ಸೈನ್ ಹಾಕಲ್ಲ," ಎಂದಳು. "ಅವನು ಎಸೆದಿದ್ದು ತಪ್ಪು. ಆದರೂ ಸೈನ್ ಹಾಕಲ್ಲ."

ಪ್ರತಿ ಮೀಟಿಂಗಿನಲ್ಲೂ ಅವರು ಹೆತ್ತವರ ಕೈಗೆ ಒಂದು ಪುಸ್ತಿಕೆ ಕೊಡುತ್ತಾರೆ, ನಿಮ್ಮ ಹಕ್ಕುಗಳು ಅಂತ. ಯಾರೂ ಓದಬಾರದೆಂದೇ ಅಷ್ಟು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸಿರಬೇಕು. ಆ ಭಾನುವಾರ ಡಾರ್ಲೀನ್ ಅಡುಗೆಮನೆಯ ಮೇಜಿನಲ್ಲಿ ಕೂತು ಅದನ್ನು ಮೊದಲಿಂದ ಗಟ್ಟಿಯಾಗಿ ಓದಿದಳು. ರೋಜೇರ್ ಒಲೆಗೆ ಸೌದೆ ಒಟ್ಟುತ್ತಾ ಬೈಯುತ್ತಾ ಕೇಳಿದ. ಹನ್ನೊಂದನೇ ಪುಟಕ್ಕೆ ಅವಳ ದನಿ ನಿಂತಿತು.

"ರೋಜೇರ್, ಇಲ್ಲಿ ಕೇಳು. ಶಾಲೆಯವರು ಮಾಡಿದ ಪರೀಕ್ಷೆ ನಮಗೆ ಒಪ್ಪಿಗೆ ಆಗದಿದ್ರೆ, ಹೊರಗಿನವರಿಂದ ಇನ್ನೊಂದು ಮಾಡಿಸಿ ಅಂತ ಕೇಳಬಹುದಂತೆ. ಖರ್ಚು ಅವರದೇ. ಕೊಡಲ್ಲ ಅಂದ್ರೆ ಅವರೇ ವಿಚಾರಣೆಗೆ ಹೋಗಿ, ನಮ್ಮ ಪರೀಕ್ಷೆ ಸರಿಯಿತ್ತು ಅಂತ ತೋರಿಸ್ಬೇಕಂತೆ."

"ಹನ್ನೊಂದನೇ ಪುಟದಲ್ಲಾ?"

"ಹನ್ನೊಂದರಲ್ಲಿ."

"ನಾಯಿ ನನ್ ಮಕ್ಳು. ಮೊದಲ ಪುಟದಲ್ಲಿ ಹಾಕೋಕೇನಾಗಿತ್ತು ರೋಗ?"

ಎರಡು ಸಾಲಿನ ಪತ್ರ ಬರೆದರು. ನಿಮ್ಮ ಪರೀಕ್ಷೆ ಒಪ್ಪುವುದಿಲ್ಲ, ಹೊರಗಿನ ಪರೀಕ್ಷೆ ಬೇಕು. ಸ್ಟಿನ್ಸನ್ ಮೂರು ಹೆಸರಿನ ಪಟ್ಟಿ ಕಳಿಸಿದ. ಡಾರ್ಲೀನ್ ವಿಚಾರಿಸಿ ನೋಡಿದರೆ ಮೂವರೂ ಒಂದು ಕಾಲಕ್ಕೆ ಅವನ ಕೈಕೆಳಗೇ ಇದ್ದವರು. ಪಟ್ಟಿಯ ಹೊರಗಿನವರನ್ನು ಹಿಡಿಯಬಹುದು ಅಂತಲೂ ಅದೇ ಪುಟದಲ್ಲಿತ್ತು, ಅರ್ಹತೆ ಸಮ ಇದ್ದರಾಯಿತು. ಅವಳು ರಾತ್ರಿಪಾಳಿ ಮುಗಿಸಿ ಬಂದು ಬೆಳಿಗ್ಗೆ ಬೆಳಿಗ್ಗೆ ಫೋನ್ ಹಿಡಿದಳು. ಒಬ್ಬರು ಮುಂದಿನ ವರ್ಷ ಎಂದರು, ಇನ್ನೊಬ್ಬರು ಫೋನೇ ಎತ್ತಲಿಲ್ಲ. ಎರಡು ಗಂಟೆ ದಾರಿಯ ಪಟ್ಟಣದಲ್ಲಿ ಡಾಕ್ಟರ್ ಹ್ಯಾಸ್ಕೆಲ್ ಎಂಬಾಕೆಯ ಬಳಿ ಜೂನ್ ತಿಂಗಳಲ್ಲಿ ಯಾರೋ ಬರುವುದಿಲ್ಲವೆಂದು ಎರಡು ದಿನ ಖಾಲಿ ಬಿದ್ದಿತ್ತು. ಮಕ್ಕಳ ಮಿದುಳು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ತಡವರಿಸುತ್ತದೆ ಎಂದು ಪರೀಕ್ಷಿಸುವುದೇ ಆಕೆಯ ಮೂವತ್ತು ವರ್ಷದ ಕಸುಬು. ಸ್ಟಿನ್ಸನ್‌ಗೆ ಹಲ್ಲು ಕಡಿದುಕೊಂಡು ಒಪ್ಪದೆ ಬೇರೆ ದಾರಿ ಇರಲಿಲ್ಲ.

ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ರೋಜೇರ್ ಸುಮ್ಮನಿರುವ ಜಾತಿಯಲ್ಲ.

ಒಂದು ಶನಿವಾರ, ಆ ಊರಿನ ವಾಡಿಕೆಯ ಬೀನ್ಸ್ ಕಾಳಿನ ಊಟಕ್ಕೆ ಕೂತಾಗ, ಮಗಳನ್ನು ಕೇಳಿದ. "ಶಾಲೇಲಿ ಪರೀಕ್ಷೆ ಮಾಡಿದ ಆ ಹೆಂಗಸು ನಿನಗೆ ಏನೇನು ಮಾಡು ಅಂದ್ಲು?"

"ಕೆಂಪು ಬಿಳಿ ಬ್ಲಾಕು ಕೊಟ್ರಪ್ಪ. ಒಂದು ಚಿತ್ರ ತೋರ್ಸಿ, ಅದೇ ಥರ ಜೋಡ್ಸು ಅಂದ್ರು. ಕೈಲಿ ಗಡಿಯಾರ ಹಿಡ್ಕೊಂಡಿದ್ರು. ನಾನು ಗಡಿಯಾರನೇ ನೋಡ್ತಾ ಕೂತೆ."

"ಎಂಥ ಬ್ಲಾಕು? ಪ್ಲಾಸ್ಟಿಕ್ಕಾ?"

"ಪ್ಲಾಸ್ಟಿಕ್ಕು, ಒಂಬತ್ತಿತ್ತು. ಕೆಲವು ಮುಖ ಪೂರ್ತಿ ಕೆಂಪು, ಕೆಲವು ಪೂರ್ತಿ ಬಿಳಿ, ಕೆಲವು ಮೂಲೆಯಿಂದ ಮೂಲೆಗೆ ಅರ್ಧ ಅರ್ಧ."

ರೋಜೇರ್ ಚಮಚ ಕೆಳಗಿಟ್ಟ. ಮೂರು ತಲೆಮಾರು ಮರ ಕಡೆದ ಮನೆ. ಈ ಮನೆಯ ಮಗಳು ಒಂಬತ್ತು ಬ್ಲಾಕು ಜೋಡಿಸಲಾಗದೆ ದಡ್ಡಿ ಅನ್ನಿಸಿಕೊಂಡಳೇ? ಅರವತ್ತೆಂಟು ಬಂದಿದ್ದೇ ಇದರಿಂದ ಎಂದು ಅವನ ತಲೆಯಲ್ಲಿ ಕೂತುಬಿಟ್ಟಿತು. ಸೋಮವಾರ ಕಾರ್ಖಾನೆಯಲ್ಲಿ ಊಟದ ಬಿಡುವಿಗೆ ಮೇಪಲ್ ಮರದ ಒಂದು ಪಟ್ಟಿ ತೆಗೆದುಕೊಂಡು, ಒಂದೇ ಅಳತೆಯ ಒಂಬತ್ತು ತುಂಡು ಕೊಯ್ದ. ಉಪ್ಪುಕಾಗದ ಹಾಕಿ ಉಜ್ಜಿದ. ಮುಖ ಮುಖ ಅಳೆದು ಟೇಪು ಅಂಟಿಸಿ ಕೆಂಪು, ಬಿಳಿ ಬಣ್ಣ ಹೊಡೆದ. ಒಂದರ ಮೇಲೊಂದು ಇಟ್ಟರೆ ಕೂದಲು ತೂರಿಸಲು ಸಂದಿಲ್ಲ, ಅಂಥ ಕೆಲಸ.

ಆಮೇಲೆ ಏಳು ವಾರ, ದಿನಾ ಊಟವಾದ ಮೇಲೆ, ಅಪ್ಪ ಮಗಳ ಪಾಠ. ಅವಳಿಗೆ ನೆನಪಿದ್ದ ಚಿತ್ರಗಳು, ಅವನೇ ಹುಟ್ಟಿಸಿದ ಚಿತ್ರಗಳು. ಕೈಯಲ್ಲಿ ಅಡುಗೆಮನೆಯ ಗಡಿಯಾರ.

"ಇಪ್ಪತ್ತೆರಡು ಸೆಕೆಂಡು! ನಿನ್ನೆ ಮೂವತ್ತಿತ್ತು. ಭೇಷ್, ಇನ್ನೊಂದ್ಸಲ."

"ಅಪ್ಪಾ, ಕೈ ನೋಯ್ತಿದೆ."

"ಆ ಸ್ಟಿನ್ಸನ್ನಿನ ಮೂತಿ ನೆನೆಸ್ಕೋ, ನೋವು ಹೋಗುತ್ತೆ."

ಹುಡುಗಿ ನಕ್ಕು ಮತ್ತೆ ಜೋಡಿಸುತ್ತಿದ್ದಳು. ಜೂನ್ ಹೊತ್ತಿಗೆ ಒಂಬತ್ತು ಸೆಕೆಂಡಿಗೆ ಇಳಿದಿದ್ದಳು. ಡಾರ್ಲೀನ್ ನೋಡಿ, "ಓದೋದು ಹೇಳಿಕೊಡೋಕೆ ಆಗಲ್ಲ, ಇದಾದರೂ ಆಗ್ಲಿ," ಅಂದುಕೊಂಡಳು. ಇದು ತಪ್ಪು ಎಂದು ಇಬ್ಬರಿಗೂ ಹೊಳೆಯಲಿಲ್ಲ. ಹೇಗೆ ಹೊಳೆಯಬೇಕು? ಅವರಿಗೆ ಗೊತ್ತಿದ್ದ ಪರೀಕ್ಷೆಗಳೆಲ್ಲ ಓದಿಕೊಂಡು ಹೋಗಿ ಬರೆಯುವಂಥವು. ಓದಿಕೊಂಡು ಬಂದರೆ ಕೆಟ್ಟುಹೋಗುವ ಪರೀಕ್ಷೆಯೂ ಇದೆ ಎಂದು ಯಾವ ಪುಟದಲ್ಲಿ ಬರೆದಿತ್ತು?

ಡಾಕ್ಟರ್ ಹ್ಯಾಸ್ಕೆಲ್ ಕಚೇರಿ ಒಂದು ಚಪ್ಪಲಿ ರಿಪೇರಿ ಅಂಗಡಿಯ ಮೇಲಿತ್ತು. ಅರವತ್ತು ದಾಟಿದ ಎತ್ತರದ ಹೆಂಗಸು, ಗಂಡಸರ ಕೈಗಡಿಯಾರ, ಮಾತು ಕಮ್ಮಿ. ಕೊಲೆಟ್‌ಳನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿಕೊಂಡರು. ರೋಜೇರ್ ಹೊರಗೆ ಹಳೇ ಪತ್ರಿಕೆಯ ಚಿತ್ರ ನೋಡುತ್ತಾ ಕೂತ. ಡಾರ್ಲೀನ್‌ಗೆ ರಜೆ ಸಿಕ್ಕಿರಲಿಲ್ಲ. ಒಂದು ಗಂಟೆಯೂ ಆಗಿರಲಿಲ್ಲ, ಬಾಗಿಲು ತೆರೆಯಿತು.

"ಮಿಸ್ಟರ್ ಪೆಲ್ಕಿ, ಒಂದು ನಿಮಿಷ ಬನ್ನಿ. ನಿಮ್ಮ ಮಗಳು ಈ ಬ್ಲಾಕುಗಳನ್ನ ಮುಂಚೆ ನೋಡಿದ್ದಾಳಾ?"

"ಶಾಲೇಲಿ ನೋಡಿದ್ಳಲ್ಲ, ಮಾರ್ಚಿನಲ್ಲಿ."

"ಆಮೇಲೆ?"

"ಆಮೇಲೆ ಎಲ್ಲಿ ನೋಡ್ತಾಳೆ? ಇಲ್ಲಪ್ಪ."

ಒಳಗಿಂದ ಕೊಲೆಟ್‌ಳ ದನಿ ಬಂತು. "ಅಪ್ಪಾ, ಇವರ ಬ್ಲಾಕಿನ ಮೂಲೆ ಎಲ್ಲಾ ಸವೆದಿದೆ. ನೀನು ಮಾಡಿದ್ದೇ ಚೆನ್ನಾಗಿದೆ."

ರೋಜೇರ್‌ನ ಮುಖ ಕೆಂಪಾಯಿತು. ಸಿಕ್ಕಿಬಿದ್ದ ಮೇಲೆ ತಗ್ಗುವ ಅಭ್ಯಾಸ ಅವನಿಗಿಲ್ಲ. "ಹೌದು, ಮಾಡಿಕೊಟ್ಟೆ. ಏನೀಗ? ನನ್ನ ಮಗಳಿಗೆ ನಾನು ಕಲಿಸಿದೆ. ಶಾಲೆಯವರು ಕಲಿಸಲಿಲ್ಲ, ನಾನು ಕಲಿಸಿದೆ. ಎಷ್ಟು ಬೇಗ ಮಾಡಿದ್ಳು ನೋಡಿದ್ರಲ್ಲ?"

"ನೋಡಿದೆ. ಅದಕ್ಕೇ ನಿಲ್ಲಿಸಿದೆ," ಎಂದರು ಹ್ಯಾಸ್ಕೆಲ್. "ಹೊಸ ವಿಷಯ ಎದುರಿಗೆ ಬಂದಾಗ ಮಗು ಹೇಗೆ ಯೋಚಿಸುತ್ತೆ ಅಂತ ನೋಡೋಕೆ ಈ ಪರೀಕ್ಷೆ ಇರೋದು. ಅವಳಿಗೆ ಇದು ಹೊಸದಲ್ಲ. ಈ ಅಂಕ ನಾನು ಲೆಕ್ಕಕ್ಕೆ ತಗೊಳ್ಳೋ ಹಾಗಿಲ್ಲ. ಯಾಕೆ ತಗೊಳ್ಳಲಿಲ್ಲ ಅಂತ ವರದಿಯಲ್ಲಿ ಬರೀಬೇಕು."

"ಬರೀಬೇಕು ಅಂದ್ರೆ?"

"ತಂದೆ ಮನೆಯಲ್ಲಿ ಬ್ಲಾಕು ಮಾಡಿ ಅಭ್ಯಾಸ ಮಾಡಿಸಿದ್ರು ಅಂತ."

"ನೀವು ನಮ್ಮ ಕಡೆಯವರಲ್ವೇನ್ರೀ?"

"ಅಲ್ಲ," ಎಂದರು ಆಕೆ. "ಶಾಲೆ ಕಡೆಯವಳೂ ಅಲ್ಲ, ನಿಮ್ಮ ಕಡೆಯವಳೂ ಅಲ್ಲ. ಹೊರಗಿನವಳು ಬೇಕು ಅಂತ ಕೇಳಿದ್ದು ನೀವೇ."

ಆಗ ರೋಜೇರ್ ಅಂದ ಮಾತು ಕೆಟ್ಟದ್ದು. ಶಾಲೆಯವರು ಎಸೆದ ಮೂಳೆಗೆ ಬಾಲ ಆಡಿಸುವವಳು ನೀನು ಎಂದ. ಏಕವಚನದಲ್ಲೇ ಅಂದ. ಕೆಳಗಿನ ಅಂಗಡಿಯಲ್ಲಿ ಸುತ್ತಿಗೆಯ ಸದ್ದು ನಿಂತುಹೋಗುವಷ್ಟು ಗಟ್ಟಿಯಾಗಿ ಅಂದ. ಮೊಳೆಯಲ್ಲಿ ನೇತುಹಾಕಿದ್ದ ಮಗಳ ಜಾಕೆಟ್ ಎಳೆದುಕೊಂಡು, "ಏಳೇ ಕೊಲೆಟ್, ಮನೆಗೆ ಹೋಗೋಣ," ಎಂದು ಒಳಗೆ ನುಗ್ಗಿದ.

ಕೊಲೆಟ್ ಏಳಲಿಲ್ಲ. ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.

"ನಾನು ಬರಲ್ಲ. ಇವರು ಗಡಿಯಾರ ಮುಚ್ಚಿಟ್ಟಿದ್ದಾರೆ. ಗೊತ್ತಾಗದಿದ್ರೆ ಗೊತ್ತಾಗಲ್ಲ ಅನ್ನು, ಅದೂ ಒಂದು ಉತ್ತರಾನೇ ಅಂದ್ರು. ನಂಗೆ ಇನ್ನೂ ಮಾಡ್ಬೇಕು."

ನಾಲ್ಕು ವರ್ಷದಿಂದ ಪ್ರತಿ ಬೆಳಿಗ್ಗೆ ಹೊಟ್ಟೆನೋವು ಎಂದು ಶಾಲೆಗೆ ಹೋಗಲು ಅಳುತ್ತಿದ್ದ ಹುಡುಗಿ ಪರೀಕ್ಷೆಯ ಮೇಜು ಬಿಡಲು ಒಪ್ಪಲಿಲ್ಲ. ರೋಜೇರ್ ಜಾಕೆಟನ್ನು ಕೈಯಲ್ಲಿ ಮುದ್ದೆಮಾಡಿಕೊಂಡು ಕೆಳಗಿಳಿದು, ಟ್ರಕ್ಕಿನಲ್ಲಿ ಕೂತು, ಸ್ಟೀರಿಂಗಿಗೆ ಗುದ್ದಿದ. ಮಧ್ಯಾಹ್ನದವರೆಗೆ ಮೇಲೆ ಹೋಗಲಿಲ್ಲ.

ಮರುದಿನ ಹ್ಯಾಸ್ಕೆಲ್ ಅವನನ್ನೇ ಕೂರಿಸಿಕೊಂಡರು. ಮಗುವಿನ ಹುಟ್ಟು, ಕಾಯಿಲೆ, ಮನೆತನ ಎಲ್ಲ ಕೇಳುವುದೂ ಪರೀಕ್ಷೆಯ ಭಾಗವೇ. ಹಿಂದಿನ ದಿನದ ಮಾತನ್ನು ಆಕೆ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

"ನೀವು ಎಲ್ಲಿಯವರೆಗೆ ಓದಿದ್ದೀರಿ?"

"ಒಂಬತ್ತು."

"ಯಾಕೆ ಬಿಟ್ರಿ?"

"ಕೆಲಸ ಇತ್ತು."

"ಓದೋದು ಹೇಗಿತ್ತು?"

ಅವನು ಕಿಟಕಿ ನೋಡಿದ. ಇಂಥ ಪ್ರಶ್ನೆಗೆ ಅವನ ಬಳಿ ಯಾವತ್ತೂ ಒಂದು ಜೋಕಿರುತ್ತಿತ್ತು. ಅವತ್ತು ಬರಲಿಲ್ಲ. "ಬಾಯ್ಲರ್ ಕೋಣೆ ಪಕ್ಕ ಒಂದು ಕೋಣೆ ಇತ್ತು. ನಮ್ಮನ್ನ ಅಲ್ಲಿ ಕೂರಿಸ್ತಿದ್ರು. ಏಳು ಜನ. ನಾನು ಟೀಚರ್ ಮೇಜಿನ ಕಾಲು ರಿಪೇರಿ ಮಾಡಿದೆ, ಬಾಗಿಲಿನ ಕೀಲು ರಿಪೇರಿ ಮಾಡಿದೆ. ಮೂರು ವರ್ಷ ಅದೇ ಮಾಡಿದೆ. ನನ್ನ ಯಾರೂ ಯಾವ ಬ್ಲಾಕೂ ಕೊಟ್ಟು ಪರೀಕ್ಷೆ ಮಾಡ್ಲಿಲ್ಲ. ನೋಡಿದ್ರೇ ಗೊತ್ತಾಗುತ್ತೆ ಅಂದ್ರು."

ಹ್ಯಾಸ್ಕೆಲ್ ಬರೆದುಕೊಂಡರು. "ಓದೋ ಈ ತೊಡಕು ಮನೆತನದಲ್ಲಿ ಬರುತ್ತೆ, ಮಿಸ್ಟರ್ ಪೆಲ್ಕಿ. ಇದಕ್ಕೂ ಬುದ್ಧಿಗೂ ಸಂಬಂಧವಿಲ್ಲ."

"ಅದನ್ನ ಈಗ ಹೇಳ್ತೀರಾ?" ಎಂದ ಅವನು. ಆಕೆಯ ಮೇಲೆ ಸಿಟ್ಟಲ್ಲ. ಯಾರ ಮೇಲೆ ಎಂದು ತಿಳಿಯದೆ ಇನ್ನೂ ಸಿಟ್ಟು ಬಂತು.

ಮೂವತ್ತೊಂದು ಪುಟದ ವರದಿ ಜುಲೈ ಕೊನೆಗೆ ಬಂತು. ಶಾಲೆಗೊಂದು ಪ್ರತಿ, ಮನೆಗೊಂದು. ಡಾರ್ಲೀನ್ ಮೆಟ್ಟಿಲ ಮೇಲೆ ಕೂತು ಓದಿದಳು. ನಾಲ್ಕನೇ ಪುಟದಲ್ಲೇ ಇತ್ತು ಆ ಮಾತು. ಮಗುವಿನ ತಂದೆ ಮರದ ಬ್ಲಾಕುಗಳನ್ನು ಮಾಡಿ ಏಳು ವಾರ ಅಭ್ಯಾಸ ಮಾಡಿಸಿದ್ದರಿಂದ ಆ ಪರೀಕ್ಷೆಯನ್ನು ಕೈಬಿಡಲಾಗಿದೆ, ಅದರ ಬದಲು ಬೇರೆ ನಾಲ್ಕು ಪರೀಕ್ಷೆ ಕೊಡಲಾಗಿದೆ.

"ಬರೆದೇಬಿಟ್ಲು!" ರೋಜೇರ್ ಮೆಟ್ಟಿಲಿಗೆ ಒದ್ದ. "ಮುಗೀತು. ಸ್ಟಿನ್ಸನ್ ಇದೊಂದು ಪುಟ ಸಾಕು ಅಂತಾನೆ. ನಾನೇ ನನ್ನ ಮಗಳನ್ನ ಆ ವ್ಯಾನಿಗೆ ಹತ್ತಿಸಿದೆ."

"ಬಾಯಿ ಮುಚ್ಕೊಂಡು ಮುಂದಿಂದು ಕೇಳು," ಎಂದಳು ಡಾರ್ಲೀನ್.

ಮುಂದಿದ್ದದ್ದು ಇದು. ಹುಡುಗಿಯ ಯೋಚನಾಶಕ್ತಿ ಅವಳ ವಯಸ್ಸಿಗೆ ಸಾಧಾರಣಕ್ಕಿಂತ ಮೇಲು, ನೂರಾ ಹನ್ನೆರಡು. ಕೇಳಿದ್ದನ್ನು ನೆನಪಿಡುವುದು ಅದಕ್ಕಿಂತಲೂ ಮೇಲು. ಆದರೆ ಮಾತಿನ ದನಿಗಳನ್ನು ಬಿಡಿಸಿ ಅಕ್ಷರಕ್ಕೆ ಕೂಡಿಸುವ ಜಾಗದಲ್ಲಿ ಮಾತ್ರ ತೊಡಕು, ಅದು ಡಿಸ್ಲೆಕ್ಸಿಯಾ. ಅದಕ್ಕೆ ಪಾಠದ ಕ್ರಮವಿದೆ, ತರಬೇತಿಯಾದ ಟೀಚರ್ ದಿನಕ್ಕೊಂದು ಗಂಟೆ ಕಲಿಸಬೇಕು. ಇದನ್ನು ಎರಡು ವರ್ಷ ಮೊದಲೇ ಶುರುಮಾಡಬಹುದಿತ್ತು.

ಡಾರ್ಲೀನ್ ಆಗ ಅತ್ತಳು. ಅವಳ ಕೈಗೆ ಯಾರೂ ಟಿಶ್ಯೂ ಕೊಡಲಿಲ್ಲ. ತೋಳಿನಲ್ಲೇ ಒರೆಸಿಕೊಂಡಳು.

ಆಗಸ್ಟ್ ಮೀಟಿಂಗಿಗೆ ಹ್ಯಾಸ್ಕೆಲ್ ಎರಡು ಗಂಟೆ ಕಾರು ಓಡಿಸಿಕೊಂಡು ತಾವೇ ಬಂದರು. ಸ್ಟಿನ್ಸನ್ ಜೊತೆಯಲ್ಲಿ ವಕೀಲನೊಬ್ಬ. ರೋಜೇರ್ ಹೇಳಿದಂತೆಯೇ ಆಯಿತು. ಸ್ಟಿನ್ಸನ್ ನಾಲ್ಕನೇ ಪುಟ ತೆಗೆದು, ಬೆರಳಿಟ್ಟು, ಬೆಣ್ಣೆಯ ದನಿಯಲ್ಲಿ ಹೇಳಿದ. "ಮಗುವಿಗೆ ಮೊದಲೇ ಹೇಳಿಕೊಟ್ಟು ಕಳಿಸಿದ್ದಾರೆ. ಇಂಥ ವರದಿಯನ್ನ ನಾವು ಹೇಗೆ ನಂಬೋದು?"

ರೋಜೇರ್ ಎದ್ದ. ಡಾರ್ಲೀನ್ ಅವನ ಬೆಲ್ಟು ಹಿಡಿದು ಕೂರಿಸಿದಳು.

"ಹುಡುಕೋ ತೊಂದರೆ ನಿಮಗೆ ಬೇಡ ಅಂತ ನಾನೇ ನಾಲ್ಕನೇ ಪುಟದಲ್ಲಿ ಹಾಕಿದೀನಿ," ಎಂದರು ಹ್ಯಾಸ್ಕೆಲ್. "ಕೆಟ್ಟಿದ್ದು ಒಂದು ಪರೀಕ್ಷೆ. ಕೆಡದೇ ಇರೋದು ಹದಿನೇಳು. ಈಗ ನಿಮ್ಮ ವರದಿ ತಗೊಳ್ಳೋಣ. ಮಗುವನ್ನ ಎಲ್ಲಿ ಕೂರಿಸಿ ಪರೀಕ್ಷೆ ಮಾಡಿದ್ರಿ ಅಂತ ಅದರಲ್ಲಿಲ್ಲ."

"ಅದು ಮುಖ್ಯವಲ್ಲ," ಎಂದ ವಕೀಲ.

"ಮಗು ನನಗೆ ಹೇಳ್ತು. ವ್ಯಾಯಾಮದ ಹಾಲ್ ಪಕ್ಕದ ಸಾಮಾನು ಕೋಣೆ. ಗೋಡೆ ಆಚೆ ಬ್ಯಾಸ್ಕೆಟ್‌ಬಾಲ್ ಆಟ. ಇಂಥ ಮಗುವಿಗೆ ಮಾತಿನ ದನಿ ಹಿಡಿಯೋದೇ ಕಷ್ಟ. ಅವಳು ಎಷ್ಟು ಪ್ರಶ್ನೆ ಕೇಳಿಸದೆ ಗೊತ್ತಿಲ್ಲ ಅಂದಳೋ. ಮಿಸ್ ಟ್ರಾಸ್ಕ್, ಹೌದಾ?"

ಸ್ಟಿನ್ಸನ್, "ಅವರು ಉತ್ತರ ಕೊಡಬೇಕಾಗಿಲ್ಲ," ಎಂದ.

ಮಿಸ್ ಟ್ರಾಸ್ಕ್ ಕಾಗದದಿಂದ ಕಣ್ಣೆತ್ತಿದಳು. "ಹೌದು. ಅವತ್ತು ಬೇರೆ ಕೋಣೆ ಖಾಲಿ ಇರಲಿಲ್ಲ. ಒಂದೇ ಬೆಳಿಗ್ಗೆಯಲ್ಲಿ ಮುಗಿಸಿದೆ. ಆ ವಾರ ಇನ್ನೂ ಏಳು ಮಕ್ಕಳಿದ್ರು. ಇನ್ನೊಂದು ದಿನ ಬೇಕು ಅಂತ ಕೇಳಿದ್ದೆ. ಕೊಡಲಿಲ್ಲ."

"ಯಾರು ಕೊಡ್ಲಿಲ್ಲ?" ಎಂದ ರೋಜೇರ್.

ಅವಳು ಸ್ಟಿನ್ಸನ್ ಕಡೆ ನೋಡಿದಳು. ಸ್ಟಿನ್ಸನ್ ತನ್ನ ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದ. ವಕೀಲ ಅವನ ಕಿವಿಯಲ್ಲಿ ಏನೋ ಹೇಳಿದ. ಹತ್ತು ನಿಮಿಷ ಬಿಡುವು ಕೇಳಿದರು. ವಾಪಸ್ ಬಂದಾಗ ವ್ಯಾನಿನ ಮಾತೇ ಇರಲಿಲ್ಲ. ಕೊಲೆಟ್ ಇದೇ ಶಾಲೆಯಲ್ಲಿ ಇರುತ್ತಾಳೆ. ದಿನಕ್ಕೊಂದು ಗಂಟೆ ತರಬೇತಿಯಾದ ಟೀಚರ್. ಅದರ ಮೇಲೆ, ಕಳೆದ ಎರಡು ವರ್ಷ ಕಲಿಸದೆ ಬಿಟ್ಟಿದ್ದಕ್ಕೆ ಬದಲಾಗಿ, ಶಾಲೆಯ ಹೊತ್ತಿನ ಆಚೆ ನೂರಾ ಎಂಬತ್ತು ಗಂಟೆ ಪಾಠ. ಸ್ಟಿನ್ಸನ್ ಸಹಿ ಹಾಕಿದ. ಡಾರ್ಲೀನ್ ಎರಡು ಸಲ ಓದಿ ಸಹಿ ಹಾಕಿದಳು.

ಹೊರಗೆ ಹ್ಯಾಸ್ಕೆಲ್ ಕಾರಿನ ಬಾಗಿಲು ತೆಗೆಯುತ್ತಿದ್ದಾಗ ರೋಜೇರ್ ಹೋಗಿ ಪಕ್ಕದಲ್ಲಿ ನಿಂತ. ಏನೋ ಹೇಳಬೇಕಿತ್ತು.

"ಹಿಂದಿನ ಎಡಗಡೆ ಟೈರಲ್ಲಿ ಗಾಳಿ ಕಮ್ಮಿ ಇದೆ," ಎಂದ.

"ನೋಡ್ತೀನಿ," ಎಂದರು ಆಕೆ. "ನಿಮ್ಮ ಬ್ಲಾಕು ನಿಜವಾಗ್ಲೂ ಚೆನ್ನಾಗಿರಬೇಕು, ಮಿಸ್ಟರ್ ಪೆಲ್ಕಿ. ಅವಳು ಎರಡು ದಿನ ಅದನ್ನೇ ಹೇಳಿದ್ಳು."

ಕಥೆ ಇಲ್ಲಿಗೆ ನಿಂತಿದ್ದರೆ ಎಲ್ಲರಿಗೂ ಸಮಾಧಾನ. ಆದರೆ ಸಹಿ ಹಾಕುವುದು ಬೇರೆ, ಹೇಳಿದ್ದನ್ನು ಕೊಡುವುದು ಬೇರೆ.

ಹೊಸ ಟೀಚರ್ ಒಳ್ಳೆಯವಳು. ಮರಳಿನಲ್ಲಿ ಅಕ್ಷರ ಬರೆಸಿದಳು, ಬೆರಳಲ್ಲಿ ದನಿ ಎಣಿಸಿದಳು, ಶಾಲೆ ಬಿಟ್ಟ ಮೇಲೆ ವಾರಕ್ಕೆರಡು ದಿನ ಕೂರಿಸಿಕೊಂಡಳು. ಕ್ರಿಸ್ಮಸ್ ಹೊತ್ತಿಗೆ ಕೊಲೆಟ್ ಹಾಲಿನ ಡಬ್ಬದ ಮೇಲಿದ್ದ ನಾಲ್ಕು ಸಾಲನ್ನು, ತಿಂಡಿ ತಿನ್ನುತ್ತಾ, ಯಾರೂ ಹೇಳದೆ, ಗಟ್ಟಿಯಾಗಿ ಓದಿದಳು. ಫೆಬ್ರವರಿಯಲ್ಲಿ ಆ ಟೀಚರ್ ಬೇರೆ ಕಡೆ ಕೆಲಸ ಸಿಕ್ಕಿ ಹೋದಳು. ಹಗಲಿನ ಪಾಠಕ್ಕೆ ಇನ್ನೊಬ್ಬಳು ಬಂದಳು. ಶಾಲೆ ಬಿಟ್ಟ ಮೇಲಿನ ಪಾಠಕ್ಕೆ ಮಾತ್ರ ಯಾರೂ ಬರಲಿಲ್ಲ. ಒಂದು ಕಂಪ್ಯೂಟರಿನ ಮುಂದೆ ಕೂರಿಸಿ, ಕಪ್ಪೆ ಹಾರಿಸುವ ಆಟ ಆಡಿಸಿದರು. ಡಾರ್ಲೀನ್ ಅದನ್ನು ಪಾಠವೆಂದು ಒಪ್ಪಲಿಲ್ಲ. ಕ್ಯಾಲೆಂಡರಿನಲ್ಲಿ ಪ್ರತಿ ಗಂಟೆಗೊಂದು ಗೀಟು ಹಾಕುತ್ತಿದ್ದವಳು ನಲವತ್ತೇಳಕ್ಕೆ ನಿಂತಳು.

ಪತ್ರ ಬರೆದರು. ಹುಡುಕುತ್ತಿದ್ದೇವೆ ಎಂದು ಉತ್ತರ ಬಂತು. ಮತ್ತೆ ಬರೆದರು. ರಾಜ್ಯಕ್ಕೆ ದೂರು ಕೊಟ್ಟರು, ಶಾಲೆ ಕೊಡಬೇಕು ಎಂದು ಅಲ್ಲಿಂದಲೂ ಬರೆದು ಕಳಿಸಿದರು. ಶಾಲೆ ಕೊಡುತ್ತೇವೆ ಎಂದಿತು, ಟೀಚರ್ ಸಿಕ್ಕಿದ ತಕ್ಷಣ. ಹಾಗೇ ಒಂದು ವರ್ಷ, ಇನ್ನೊಂದು ವರ್ಷ, ಆರೇಳು ವರ್ಷ ಕಳೆಯಿತು. ಸ್ಟಿನ್ಸನ್ ಕೇಕು ಕತ್ತರಿಸಿ ನಿವೃತ್ತನಾದ. ಕೊಲೆಟ್ ನಿಧಾನಕ್ಕೆ, ಹಗಲಿನ ಪಾಠದಿಂದ, ಹಟದಿಂದ, ರಾತ್ರಿ ಅಮ್ಮನ ಜೊತೆ ಕೂತು ಕಲಿತಳು. ಹೈಸ್ಕೂಲು ಮುಗಿಸಿದಳು. ಈಗ ಹಡಗು ಕಟ್ಟುವ ಕಡೆ ವೆಲ್ಡಿಂಗ್ ಮಾಡುತ್ತಾಳೆ, ನಕ್ಷೆ ಓದುತ್ತಾಳೆ. ಉದ್ದನೆ ಪತ್ರ ಬಂದರೆ ಇವತ್ತಿಗೂ ಬೆವರುತ್ತಾಳೆ. ಒಂದು ಸಾಲನ್ನು ಎರಡು ಸಲ ಓದುತ್ತಾಳೆ. ಮೇಲ್ವಿಚಾರಕಿಯ ಪರೀಕ್ಷೆಗೆ ಕೂರು ಎಂದರೆ, ಬೇಡ, ಅದರಲ್ಲಿ ಓದೋದು ಜಾಸ್ತಿ ಎನ್ನುತ್ತಾಳೆ.

ಹೋದ ಚಳಿಗಾಲ ಚರ್ಚಿನವರು ಊರಿಗೆಲ್ಲ ಹಾಕುವ ಬೀನ್ಸ್ ಊಟದ ಸಾಲಿನಲ್ಲಿ ರೋಜೇರ್‌ನ ಮುಂದೆಯೇ ಸ್ಟಿನ್ಸನ್ ತಟ್ಟೆ ಹಿಡಿದು ನಿಂತಿದ್ದ. ಮುದುಕನಾಗಿದ್ದಾನೆ, ಕೋಟು ಮಾತ್ರ ಅದೇ ಥರದ್ದು.

"ಪೆಲ್ಕಿ ಅಲ್ವಾ? ಮಗಳು ಹೇಗಿದ್ದಾಳೆ?"

"ನೂರಾ ಮೂವತ್ತಮೂರು ಗಂಟೆ ಬಾಕಿ ಇದೆ," ಎಂದ ರೋಜೇರ್.

ಸ್ಟಿನ್ಸನ್‌ಗೆ ಅದು ಹೊಳೆಯಲು ಒಂದು ಗಳಿಗೆ ಹಿಡಿಯಿತು. ಆಮೇಲೆ ನಕ್ಕ. "ಅಯ್ಯೋ, ಅದಾ. ಹಡಗಿನ ಕೆಲಸದಲ್ಲಿದ್ದಾಳಂತಲ್ಲ, ಒಳ್ಳೆ ಸಂಬಳ ಅಂತ ಕೇಳ್ದೆ. ಚೆನ್ನಾಗಿದ್ದಾಳಲ್ಲ, ಇನ್ನೇನು?"

"ಅವಳು ಚೆನ್ನಾಗಿರೋದು ಅವಳ ಕೆಲಸ," ಎಂದ ರೋಜೇರ್. ಹಿಂದಿನವರು ಮುಂದಿನವರು ಎಲ್ಲ ತಿರುಗಿ ನೋಡಿದರು. "ಗಂಟೆ ನಿನ್ನ ಕೆಲಸ. ನೀನು ಸೈನ್ ಹಾಕಿದ್ದೆ."

"ನಾನು ರಿಟೈರ್ ಆಗಿ ಎಂಟು ವರ್ಷ ಆಯ್ತಪ್ಪ."

"ಗಂಟೆ ರಿಟೈರ್ ಆಗಿಲ್ಲ."

ಬಡಿಸುವ ಹೆಂಗಸು ಚಮಚ ಎತ್ತಿ ಹಿಡಿದು, ಬೇಕಾ ಬೇಡವಾ ಎಂದು ಕೇಳಿದಳು. ಸ್ಟಿನ್ಸನ್ ತಟ್ಟೆ ಚಾಚಿ ಬೀನ್ಸ್ ಹಾಕಿಸಿಕೊಂಡು, ಬ್ರೆಡ್ಡು ತೆಗೆದುಕೊಂಡು, ದೂರದ ಮೇಜಿಗೆ ಹೋದ. ಆ ನೂರಾ ಮೂವತ್ತಮೂರು ಗಂಟೆಯಲ್ಲಿ ಒಂದನ್ನೂ ಯಾರೂ ಇನ್ನೂ ಕೊಟ್ಟಿಲ್ಲ.